ಅರಗು ತುಂಬಿದ ಗುಂಡಿನ ಸರದಲ್ಲಿ ಚಿನ್ನ ಎಷ್ಟಿದೆ? ಒಡೆಯದೆ, ಸಾಂದ್ರತೆ ಮತ್ತು ಗಾತ್ರದಿಂದ ತಿಳಿಯಬಹುದೇ?

ಚಾಮರಾಜಪೇಟೆ ಓದುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿಯ ಗುಂಡಿನ ಸರವೊಂದು ಈಚೆಗೆ ಅಕ್ಕನಿಗೂ ನನಗೂ ಒಟ್ಟಾಗಿ ಬಂದಿದೆ. ಬಟಾಣಿ ಕಾಳಿನಷ್ಟು ದಪ್ಪದ 18 ಗುಂಡುಗಳಿವೆ. ಮೇಲೆ ಚಿನ್ನದ ತಗಡು, ಒಳಗೆ ಅರಗು. ಹತ್ತೊಂಬತ್ತನೆಯ ಗುಂಡು ಎಷ್ಟೋ ವರ್ಷಗಳ ಹಿಂದೆಯೇ ಒಡೆದುಹೋಗಿದ್ದು, ಅದರ ಚೂರುಗಳನ್ನು ಅಜ್ಜಿ ಕುಂಕುಮದ ಭರಣಿಯಲ್ಲಿ ಹಾಗೆಯೇ ಇಟ್ಟಿದ್ದರು. ಸರವನ್ನು ಮಾರಿ ಹಣ ಹಂಚಿಕೊಳ್ಳೋಣವೆಂದು ಅಂಗಡಿಯೊಂದಕ್ಕೆ ಹೋದೆವು. ದಾರ ಬಿಚ್ಚಿ ತೂಗಿದಾಗ 24.60 ಗ್ರಾಂ ಬಂದಿತು. ಅಂಗಡಿಯವರು ಒಂದು ಗುಂಡನ್ನು ಬೆರಳಿನಲ್ಲಿ ಹೊರಳಿಸಿ ನೋಡಿ, ಅರಗಿಗೆಂದು 8 ಗ್ರಾಂ ಕಳೆದು, 16.60 ಗ್ರಾಂ ಚಿನ್ನಕ್ಕೆ ಬೆಲೆ ಕಟ್ಟಿದರು. ಆ 8 ಎಲ್ಲಿಂದ ಬಂದಿತೆಂದು ಕೇಳಿದರೆ, ನಿಖರವಾಗಿ ತಿಳಿಯಬೇಕಾದರೆ ಕರಗಿಸಬೇಕು, ಕರಗಿಸಿದ ಮೇಲೆ ಸರ ಹಿಂದಿರುಗದು ಎಂದರು. ನಾವು ಸರವನ್ನು ಮರಳಿ ತಂದೆವು.

ಪಿಯುಸಿ ಓದುತ್ತಿರುವ ಮಗಳು, ಚಿನ್ನದ ಸಾಂದ್ರತೆಯೂ ಅರಗಿನ ಸಾಂದ್ರತೆಯೂ ಗೊತ್ತಿದ್ದರೆ ಒಡೆಯದೆಯೇ ಲೆಕ್ಕ ಹಾಕಬಹುದು ಎನ್ನುತ್ತಾಳೆ. ಅಳತೆ ಜಾಡಿಯಲ್ಲಿ 20 ಮಿಲಿಲೀಟರ್ ನೀರು ತೆಗೆದುಕೊಂಡು ಗುಂಡುಗಳನ್ನು ಹಾಕಿದೆವು. ನೀರು 25 ಮತ್ತು 26ರ ನಡುವೆ ಎಲ್ಲೋ ನಿಂತಿತು. ಸಾಂದ್ರತೆಯನ್ನು ಘನ ಸೆಂಟಿಮೀಟರಿಗೆ 22 ಕ್ಯಾರೆಟ್ ಚಿನ್ನಕ್ಕೆ 17.7 ಗ್ರಾಂ, ಅರಗಿಗೆ 1.1 ಗ್ರಾಂ ಎಂದು ಹಿಡಿದರೆ, 25 ಎಂದು ಓದಿದಾಗ ಚಿನ್ನ 20.37 ಗ್ರಾಂ, 26 ಎಂದು ಓದಿದಾಗ 19.19 ಗ್ರಾಂ ಬರುತ್ತದೆ. ಇದನ್ನು ನಂಬಬಹುದೇ? ನಂಬುವುದಾದರೆ ಇನ್ನಷ್ಟು ನಿಖರವಾಗಿ ಅಳೆಯುವುದು ಹೇಗೆ? ತಿಳಿದವರು ದಯವಿಟ್ಟು ಹೇಳಬೇಕು.

ಜಯನಗರದ ಭೌತಶಾಸ್ತ್ರ ಉಪನ್ಯಾಸಕ

ಮೇಡಂ, ತಮ್ಮ ಮಗಳು ಹೇಳಿದ ದಾರಿ ಸರಿಯಾಗಿಯೇ ಇದೆ. ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ಒಮ್ಮೆ ನೋಡಿಕೊಂಡರೆ ಎಲ್ಲಿ ಎಡವಬಹುದೆಂಬುದೂ ಕಾಣುತ್ತದೆ; ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ತಾವು ಅಳೆದ ಗಾತ್ರ 5.5 ಘನ ಸೆಂಟಿಮೀಟರ್ ಎಂದುಕೊಳ್ಳೋಣ. ಇಡೀ ಗಾತ್ರ ಅರಗೇ ಆಗಿದ್ದರೆ ಗುಂಡುಗಳ ದ್ರವ್ಯರಾಶಿ 5.5 × 1.1, ಅಂದರೆ 6.05 ಗ್ರಾಂ ಇರಬೇಕಿತ್ತು. ಆದರೆ ತಕ್ಕಡಿ 24.60 ಎನ್ನುತ್ತಿದೆ. ಹೆಚ್ಚುವರಿಯಾದ 18.55 ಗ್ರಾಂ ಬಂದದ್ದು, ಅರಗು ಇರಬೇಕಾದ ಜಾಗದಲ್ಲಿ ಒಂದಿಷ್ಟು ಚಿನ್ನ ಕುಳಿತಿರುವುದರಿಂದ. ಒಂದು ಘನ ಸೆಂಟಿಮೀಟರ್ ಅರಗನ್ನು ತೆಗೆದು ಅಷ್ಟೇ ಗಾತ್ರದ ಚಿನ್ನವನ್ನು ಇಟ್ಟರೆ ದ್ರವ್ಯರಾಶಿ 17.7 − 1.1 = 16.6 ಗ್ರಾಂ ಏರುತ್ತದೆ. ಹಾಗಾದರೆ ಚಿನ್ನದ ಗಾತ್ರ 18.55 ÷ 16.6, ಅಂದರೆ ಸುಮಾರು 1.12 ಘನ ಸೆಂಟಿಮೀಟರ್, ಅದನ್ನು 17.7ರಿಂದ ಗುಣಿಸಿದರೆ 19.78 ಗ್ರಾಂ. ಪಠ್ಯಪುಸ್ತಕದಲ್ಲಿ ಎರಡು ಸಮೀಕರಣ ಬರೆದು ಬಿಡಿಸುವುದೂ ಇದನ್ನೇ: ಎರಡು ಗಾತ್ರಗಳ ಮೊತ್ತ ಒಟ್ಟು ಗಾತ್ರ, ಎರಡು ದ್ರವ್ಯರಾಶಿಗಳ ಮೊತ್ತ ಒಟ್ಟು ದ್ರವ್ಯರಾಶಿ.

ಇನ್ನು ಅಳತೆಯ ವಿಚಾರ. ಅಳತೆ ಜಾಡಿಯನ್ನು ಬಿಟ್ಟುಬಿಡಿ. ಒಂದೊಂದು ಮಿಲಿಲೀಟರಿಗೆ ಗೆರೆ ಇರುವ ಜಾಡಿಯಲ್ಲಿ ಅರ್ಧ ಮಿಲಿಲೀಟರ್ ತಪ್ಪು ಸಹಜ, ಮತ್ತು ತಮ್ಮ ಒಟ್ಟು ಗಾತ್ರವೇ ಐದಾರು ಮಿಲಿಲೀಟರ್. ಅದರ ಬದಲು 0.01 ಗ್ರಾಂ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನೀರು ತುಂಬಿದ ಲೋಟವನ್ನು ಇಟ್ಟು, ಓದನ್ನು ಸೊನ್ನೆಗೆ ತನ್ನಿ. ಗುಂಡುಗಳನ್ನು ತೆಳುವಾದ ನೈಲಾನ್ ಎಳೆಯಲ್ಲಿ ಪೋಣಿಸಿ, ಕೈಯಲ್ಲಿ ಹಿಡಿಯದೆ ಒಂದು ಸ್ಟ್ಯಾಂಡಿಗೆ ಕಟ್ಟಿ, ಲೋಟದ ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ. ನೀರು ಗುಂಡುಗಳನ್ನು ಎಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆಯೋ ಅಷ್ಟೇ ಬಲದಿಂದ ಗುಂಡುಗಳು ನೀರನ್ನು ಕೆಳಕ್ಕೆ ಒತ್ತುತ್ತವೆ. ತಕ್ಕಡಿ ಅದನ್ನೇ ತೋರಿಸುತ್ತದೆ. ಅಲ್ಲಿ ಕಾಣುವ ಗ್ರಾಂ ಸಂಖ್ಯೆಯು ಪಕ್ಕಕ್ಕೆ ಸರಿದ ನೀರಿನ ದ್ರವ್ಯರಾಶಿ, ಅಂದರೆ ಹೆಚ್ಚುಕಡಿಮೆ ಘನ ಸೆಂಟಿಮೀಟರುಗಳಲ್ಲಿ ಗುಂಡುಗಳ ಗಾತ್ರ. 25 ಡಿಗ್ರಿಯಲ್ಲಿ ನೀರಿನ ಸಾಂದ್ರತೆ 0.997 ಆಗಿರುವುದರಿಂದ ಬರುವ ವ್ಯತ್ಯಾಸ ಇಲ್ಲಿ 0.02 ಗ್ರಾಂ ಚಿನ್ನಕ್ಕೆ ಸಮ, ಬಿಟ್ಟರೂ ನಡೆಯುತ್ತದೆ.

ದಾರದ ತೂತುಗಳಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಅದೂ ಗಾತ್ರವೆಂದು ಲೆಕ್ಕಕ್ಕೆ ಬಂದುಬಿಡುತ್ತದೆ. ಕುದಿಸಿ ಪೂರ್ತಿ ಆರಿಸಿದ ನೀರನ್ನು ಬಳಸಿ, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಎಳೆಯನ್ನು ಮೆಲ್ಲಗೆ ಅಲುಗಿಸಿ. ಬಿಸಿ ನೀರನ್ನು ಮಾತ್ರ ಖಂಡಿತ ಬಳಸಬೇಡಿ, ಅರಗು ಮೆತ್ತಗಾಗುತ್ತದೆ.

ಚಾಮರಾಜಪೇಟೆ ಓದುಗಿ

ಉಪನ್ಯಾಸಕರಿಗೆ ಅನಂತ ಧನ್ಯವಾದಗಳು. ಅಡುಗೆಮನೆಯ ಕಟ್ಟೆಯ ಮೇಲೆ ತಕ್ಕಡಿ ಇಟ್ಟು, ಎರಡು ಸ್ಟೀಲ್ ಡಬ್ಬಿಗಳ ನಡುವೆ ಅಡ್ಡಲಾಗಿ ಚಾಪ್‌ಸ್ಟಿಕ್ಕಿನಂತಹ ಕಡ್ಡಿಯೊಂದನ್ನು ಇರಿಸಿ ಎಳೆಯನ್ನು ಇಳಿಬಿಟ್ಟೆವು. ಮೊದಲ ಸಲ 5.31 ಬಂದಿತು. ನೋಡಿದರೆ ಮೂರು ಗುಂಡುಗಳ ತೂತಿನ ಬಾಯಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಹೊಳೆಯುತ್ತಿದ್ದವು. ಅಲುಗಿಸಿದ ಮೇಲೆ ನಾಲ್ಕು ಸಲ ಮುಳುಗಿಸಿ ನೋಡಿದೆವು: 5.20, 5.19, 5.20, 5.21. ಹಾಗಾಗಿ 5.20 ಎಂದು ಹಿಡಿದಿದ್ದೇವೆ. ಅದರಂತೆ ಚಿನ್ನ 20.13 ಗ್ರಾಂ, ಅರಗು 4.47 ಗ್ರಾಂ. ಅಂಗಡಿಯವರು ಹೇಳಿದ್ದಕ್ಕಿಂತ ಮೂರೂವರೆ ಗ್ರಾಂ ಹೆಚ್ಚು! ಅಕ್ಕನಿಗೆ ಫೋನು ಮಾಡಿ ಹೇಳಿದಾಗ ಅವಳು ನಾಳೆಯೇ ಆ ಅಂಗಡಿಗೆ ಹೋಗಿ ಕೇಳೋಣ ಎಂದಳು.

ನಗರ್ತಪೇಟೆ ಅಕ್ಕಸಾಲಿಗ

ತಾಯಿ, ಅಂಗಡಿಗೆ ಹೋಗುವ ಮುನ್ನ ಒಂದು ಮಾತು ಕೇಳಿ. ನಾನು ಮೂರು ತಲೆಮಾರಿನಿಂದ ಈ ಕೆಲಸದ ಮನೆಯವನು. ತಾವು ಲೆಕ್ಕದಲ್ಲಿ ಅರಗು ಎಂದು ಬರೆದಿರುವುದು ಶುದ್ಧ ಅರಗು. ಗುಂಡಿನೊಳಗೆ ಶುದ್ಧ ಅರಗನ್ನು ಮಾತ್ರ ತುಂಬುವುದು ಅಪರೂಪ, ಏಕೆಂದರೆ ಅದು ಬೇಸಿಗೆಯಲ್ಲಿ ಮೆತ್ತಗಾಗಿ ತಗಡಿಗೆ ಆಧಾರ ಕೊಡುವುದಿಲ್ಲ. ಗಟ್ಟಿಯಾಗಲೆಂದು ಜರಡಿ ಹಿಡಿದ ಇಟ್ಟಿಗೆ ಪುಡಿಯನ್ನೋ ನುಣ್ಣನೆಯ ಮಣ್ಣನ್ನೋ ರಾಳದ ಜೊತೆಗೆ ಬೆರೆಸಿ ಕಾಯಿಸಿ ತುಂಬುತ್ತಾರೆ. ಎಷ್ಟು ಬೆರೆಸಿದರೆಂಬುದು ಆಯಾ ಕೈಗೆ ಬಿಟ್ಟದ್ದು. ಒಡೆದ ಗುಂಡಿನ ಚೂರು ತಮ್ಮ ಬಳಿಯೇ ಇದೆಯಲ್ಲ, ಅದನ್ನು ಬೆಳಕಿಗೆ ಹಿಡಿದು ನೋಡಿ. ಮುರಿದ ಕಡೆ ಗಾಜಿನಂತೆ ಹೊಳೆದರೆ ಅರಗು ಹೆಚ್ಚು. ಮಣ್ಣಿನ ಹೆಂಟೆಯಂತೆ ಮಂಕಾಗಿ, ಉಗುರಿಗೆ ಕೆಂಪು ಪುಡಿ ಹತ್ತಿದರೆ ಪುಡಿ ಹೆಚ್ಚು.

ಅಂಗಡಿಯವರು ಕಣ್ಣಂದಾಜಿನಲ್ಲಿ ಕಳೆದದ್ದು ಸರಿಯೆಂದು ನಾನು ಹೇಳುತ್ತಿಲ್ಲ. ಕಣ್ಣಂದಾಜಿನಲ್ಲಿ ಕಳೆಯುವವರು ತಮಗೆ ನಷ್ಟವಾಗದಷ್ಟು ಕಳೆಯುತ್ತಾರೆ, ಅದು ವ್ಯಾಪಾರ. ಆದರೆ ತಪ್ಪು ಲೆಕ್ಕ ಹಿಡಿದು ಹೋದರೆ ತಮ್ಮ ಮಾತು ನಿಲ್ಲುವುದಿಲ್ಲ.

ಜಯನಗರದ ಭೌತಶಾಸ್ತ್ರ ಉಪನ್ಯಾಸಕ

ಅಕ್ಕಸಾಲಿಗರು ಹೇಳಿದ್ದು ಈ ಚರ್ಚೆಯ ತಿರುಳು, ಮತ್ತು ಅದನ್ನು ಮೊದಲೇ ಎತ್ತದೆ ಬಿಟ್ಟದ್ದು ನನ್ನ ತಪ್ಪು. ಅಳತೆಯನ್ನು ನಿಖರಗೊಳಿಸುವುದರ ಬಗ್ಗೆ ಅಷ್ಟು ಬರೆದ ನಾನು, ಒಳಗಿರುವ ವಸ್ತು ಯಾವುದೆಂದು ಕೇಳಲಿಲ್ಲ. ಗಾತ್ರವನ್ನು ನೂರರಲ್ಲೊಂದು ಭಾಗಕ್ಕೆ ಅಳೆದರೂ ಸಾಂದ್ರತೆಯನ್ನು ಊಹಿಸಿಕೊಂಡರೆ ಉತ್ತರವೂ ಊಹೆಯೇ.

ಅಂಕಿಗಳಲ್ಲೇ ನೋಡಿ. 24.60 ಗ್ರಾಂ, 5.20 ಘನ ಸೆಂಟಿಮೀಟರ್ ಎಂಬ ಎರಡನ್ನೂ ಹಾಗೆಯೇ ಇಟ್ಟು ಅರಗಿನ ಸಾಂದ್ರತೆಯನ್ನು 1.1ರಿಂದ 1.2ಕ್ಕೆ ಏರಿಸಿದರೆ ಚಿನ್ನ 20.13ರಿಂದ 19.70ಕ್ಕೆ ಇಳಿಯುತ್ತದೆ, 1.6ಕ್ಕೆ ಏರಿಸಿದರೆ 17.90. ಎರಡು ಗ್ರಾಂಗಿಂತ ಹೆಚ್ಚು ವ್ಯತ್ಯಾಸ! ಅದೇ, ಚಿನ್ನದ ಸಾಂದ್ರತೆಯನ್ನು 17.6ರಿಂದ 18.05ರವರೆಗೆ ಬದಲಿಸಿ ನೋಡಿ, ಉತ್ತರ 0.05 ಗ್ರಾಂ ಕೂಡ ಅಲುಗುವುದಿಲ್ಲ. ಹೆಚ್ಚಿನವರ ಕಾಳಜಿಯೆಲ್ಲ ಚಿನ್ನದ ಸಾಂದ್ರತೆ ಸರಿಯಿದೆಯೇ ಎಂಬುದರ ಮೇಲಿರುತ್ತದೆ, ಆದರೆ ಗುಂಡಿನ ಗಾತ್ರದ ಬಹುಪಾಲನ್ನು ತುಂಬಿರುವುದು ಅಗ್ಗದ ಅರಗು. ಅದರ ಸಾಂದ್ರತೆಯನ್ನೇ ಎಚ್ಚರದಿಂದ ತಿಳಿಯಬೇಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಡೆದ ಗುಂಡಿನ ಅರಗಿನ ಚೂರೊಂದನ್ನು ನೀರಿಗೆ ಹಾಕಿ, ಅದು ಮುಳುಗುತ್ತದೆ. ಆಮೇಲೆ ನೀರಿಗೆ ಅಡುಗೆ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತಾ ಬನ್ನಿ. ಇನ್ನು ಕರಗದೆಂಬಷ್ಟು ಉಪ್ಪು ಸೇರಿದಾಗ ಆ ನೀರಿನ ಸಾಂದ್ರತೆ ಸುಮಾರು 1.2 ಆಗುತ್ತದೆ. ಅದಕ್ಕೆ ಮೊದಲೇ ಚೂರು ತೇಲಿದರೆ ಅರಗು ಹೆಚ್ಚುಕಡಿಮೆ ಶುದ್ಧ. ಕೊನೆಗೂ ತಳ ಬಿಡದಿದ್ದರೆ ಅಕ್ಕಸಾಲಿಗರ ಮಾತು ನಿಜ, ಆಗ ಚೂರಿನ ಸಾಂದ್ರತೆಯನ್ನು ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ಅಳೆಯಬೇಕು. ಮಗಳ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಕೇಳಿದರೆ ಸಿಗಬಹುದು.

ಪೀಣ್ಯದ ಎರಕದವನು

ಈ ಚರ್ಚೆ ನನ್ನ ಕೆಲಸಕ್ಕೂ ಹತ್ತಿರವಾದದ್ದು, ಆದ್ದರಿಂದ ನಡುವೆ ಬರೆಯುತ್ತಿದ್ದೇನೆ. ನಮ್ಮಲ್ಲಿಗೆ ಎಂಜಿನ್ನುಗಳ ಹಳೆಯ ಅಲ್ಯೂಮಿನಿಯಂ ಸಿಲಿಂಡರ್ ಬ್ಲಾಕುಗಳು ಗುಜರಿಯಾಗಿ ಬರುತ್ತವೆ, ಒಳಗೆ ಎರಕದ ಕಬ್ಬಿಣದ ಲೈನರ್, ಅಂದರೆ ಒಳಪದರದ ಕೊಳವೆ, ಕೂಡಿರುತ್ತದೆ. ಬಿಡಿಸುವ ಮೊದಲೇ ಅಲ್ಯೂಮಿನಿಯಂ ಎಷ್ಟಿದೆ ಎಂದು ತಿಳಿಯಲು ನಾವು ನೀರಿನ ಡ್ರಮ್ಮಿನಲ್ಲಿ ತೂಗುಹಾಕಿ ನೋಡುತ್ತೇವೆ. ಉದಾಹರಣೆಗೆ 3,600 ಗ್ರಾಂ ತೂಗುವ ತುಂಡು 1,000 ಘನ ಸೆಂಟಿಮೀಟರ್ ನೀರನ್ನು ಸರಿಸಿದರೆ, ಎಲ್ಲವೂ ಅಲ್ಯೂಮಿನಿಯಂ ಆಗಿದ್ದಲ್ಲಿ 2,700 ಇರಬೇಕಿತ್ತು, 900 ಹೆಚ್ಚಿದೆ, ಎರಕದ ಕಬ್ಬಿಣ 7.2 ಎಂದು ಹಿಡಿದರೆ ವ್ಯತ್ಯಾಸ 4.5, ಆದ್ದರಿಂದ ಕಬ್ಬಿಣ 200 ಘನ ಸೆಂಟಿಮೀಟರ್, 1,440 ಗ್ರಾಂ. ಉಳಿದ 2,160 ಗ್ರಾಂ ಅಲ್ಯೂಮಿನಿಯಂ. ಬಿಡಿಸಿದ ಮೇಲೆ ತೂಗಿದರೆ ಲೆಕ್ಕಕ್ಕೆ ಹತ್ತಿರವೇ ಇರುತ್ತದೆ.

ಆದರೆ ಇದೇ ಲೆಕ್ಕ ಹಿತ್ತಾಳೆಗೆ ನಡೆಯುತ್ತಿಲ್ಲ. 70 ಪಾಲು ತಾಮ್ರ, 30 ಪಾಲು ಸತು ಎಂದು ಖಚಿತವಾಗಿ ಗೊತ್ತಿರುವ ತುಂಡಿನ ಸಾಂದ್ರತೆ 8.53 ಇದೆ. ತಾಮ್ರಕ್ಕೆ 8.96, ಸತುವಿಗೆ 7.14 ಹಾಕಿ ಹಿಂದಕ್ಕೆ ಲೆಕ್ಕ ಮಾಡಿದರೆ ತಾಮ್ರ 80 ಪಾಲು ಎಂದು ಬರುತ್ತದೆ. ಮೂರು ಸಲ ತೂಗಿದೆ. ತಪ್ಪು ಎಲ್ಲಿದೆ?

ಜಯನಗರದ ಭೌತಶಾಸ್ತ್ರ ಉಪನ್ಯಾಸಕ

ಸರ್, ತಮ್ಮ ತಕ್ಕಡಿಯಲ್ಲಿ ತಪ್ಪಿಲ್ಲ. ಸಿಲಿಂಡರ್ ಬ್ಲಾಕಿನಲ್ಲಿ ಅಲ್ಯೂಮಿನಿಯಂ ಅಲ್ಯೂಮಿನಿಯಮ್ಮಾಗಿಯೇ, ಕಬ್ಬಿಣ ಕಬ್ಬಿಣವಾಗಿಯೇ ಪಕ್ಕಪಕ್ಕದಲ್ಲಿ ಕುಳಿತಿವೆ. ಎರಡರ ಗಾತ್ರ ಕೂಡಿದರೆ ಒಟ್ಟು ಗಾತ್ರ. ಹಿತ್ತಾಳೆಯಲ್ಲಿ ಸತುವಿನ ಪರಮಾಣುಗಳು ತಾಮ್ರದ ಹರಳಿನ ಜೋಡಣೆಯೊಳಗೇ ಜಾಗ ಹಿಡಿಯುತ್ತವೆ. ಅಲ್ಲಿ ಸತು ತನ್ನ ಲೋಹರೂಪದಲ್ಲಿ ಎಷ್ಟು ಜಾಗ ತೆಗೆದುಕೊಳ್ಳುತ್ತಿತ್ತೋ ಅಷ್ಟನ್ನು ತೆಗೆದುಕೊಳ್ಳುವುದಿಲ್ಲ. ಗಾತ್ರಗಳನ್ನು ಸುಮ್ಮನೆ ಕೂಡಿದರೆ 70–30ರ ಹಿತ್ತಾಳೆಗೆ 8.32 ಬರಬೇಕು, ನಿಜವಾಗಿ ಇರುವುದು 8.53. ದ್ರವ್ಯರಾಶಿ ಯಾವಾಗಲೂ ಕೂಡುತ್ತದೆ, ಗಾತ್ರ ಯಾವಾಗಲೂ ಕೂಡುವುದಿಲ್ಲ. 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಸ್ಪಿರಿಟ್ ಸೇರಿಸಿದರೆ ನೂರಕ್ಕೆ ಮೂರು ನಾಲ್ಕು ಮಿಲಿಲೀಟರ್ ಕಡಿಮೆಯೇ ಸಿಗುವುದನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತೇವಲ್ಲ, ಅದೇ ಜಾತಿಯ ವಿಷಯ ಇದು.

ಹೀಗಾಗಿ ಮಿಶ್ರಲೋಹಕ್ಕೆ ಈ ಸೂತ್ರವನ್ನು ಬಳಸುವುದಾದರೆ, ಗೊತ್ತಿರುವ ಪ್ರಮಾಣದ ಮಾದರಿಗಳನ್ನು ಮೊದಲು ತೂಗಿ ಕೋಷ್ಟಕ ಮಾಡಿಟ್ಟುಕೊಂಡು, ಅದರೊಡನೆ ಹೋಲಿಸುವುದೇ ದಾರಿ.

ಬಸವನಗುಡಿ ವಿದ್ಯಾರ್ಥಿ

ಸರ್, ಹಾಗಾದರೆ ಚಿನ್ನ ಎಷ್ಟು ಕ್ಯಾರೆಟ್ ಎಂಬುದನ್ನು ಕೂಡ ಸಾಂದ್ರತೆಯಿಂದ ಹೇಳಲು ಬರುವುದಿಲ್ಲವೇ? ರಾಜನ ಚಿನ್ನದ ಕಿರೀಟದಲ್ಲಿ ಬೆಳ್ಳಿ ಬೆರೆತಿದೆಯೇ ಎಂದು ತಿಳಿಯಲು ಆರ್ಕಿಮಿಡೀಸ್ ಮಾಡಿದ್ದು ಅದನ್ನೇ ಅಲ್ಲವೇ?

ಜಯನಗರದ ಭೌತಶಾಸ್ತ್ರ ಉಪನ್ಯಾಸಕ

ಒರಟಾಗಿ ಹೇಳಬಹುದು, ಖಚಿತವಾಗಿ ಅಲ್ಲ. 22 ಕ್ಯಾರೆಟ್ಟಿನಲ್ಲಿ ಸಾವಿರಕ್ಕೆ 916 ಪಾಲಿಗೆ ಸ್ವಲ್ಪ ಮೇಲ್ಪಟ್ಟು ಚಿನ್ನವಿರುತ್ತದೆ. ಉಳಿದದ್ದು ತಾಮ್ರವಾದರೆ ಲೆಕ್ಕದ ಪ್ರಕಾರ ಸಾಂದ್ರತೆ ಸುಮಾರು 17.6, ಬೆಳ್ಳಿಯಾದರೆ ಸುಮಾರು 18.05. ಬೆಳ್ಳಿ ಬೆರೆಸಿದ ಒಡವೆಯನ್ನು ತಾಮ್ರ ಬೆರೆತದ್ದೆಂದು ತಿಳಿದು ಲೆಕ್ಕ ಹಾಕಿದವನು ಅದರಲ್ಲಿ ಶೇಕಡಾ 94ರಷ್ಟು ಚಿನ್ನವಿದೆ ಎನ್ನುತ್ತಾನೆ. ತಾಮ್ರ ಬೆರೆತದ್ದನ್ನು ಬೆಳ್ಳಿಯೆಂದು ತಿಳಿದವನು 88.5 ಎನ್ನುತ್ತಾನೆ. ಇಬ್ಬರ ತಕ್ಕಡಿಯೂ ಸರಿ. ಟಂಗ್‌ಸ್ಟನ್ ಬೆರೆಸಿದ ಮೋಸವಂತೂ ಈ ವಿಧಾನಕ್ಕೆ ಕಾಣುವುದೇ ಇಲ್ಲ, ಏಕೆಂದರೆ ಅದರ ಸಾಂದ್ರತೆ 19.25, ಶುದ್ಧ ಚಿನ್ನದ್ದು 19.3.

ಕಿರೀಟದ ಕಥೆಯನ್ನು ಬರೆದಿಟ್ಟವನು ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್. ಆರ್ಕಿಮಿಡೀಸ್ ಕಾಲವಾಗಿ ಸುಮಾರು ಎರಡು ಶತಮಾನಗಳಾದ ಮೇಲೆ. ಅವನು ಹೇಳುವಂತೆ ತುಂಬಿ ಚೆಲ್ಲಿದ ನೀರನ್ನು ಅಳೆಯುವುದು ಎಷ್ಟು ಕಷ್ಟವೆಂದು ಲೆಕ್ಕ ಹಾಕಿ ನೋಡು: ಒಂದು ಕಿಲೋ ಶುದ್ಧ ಚಿನ್ನ 51.8 ಘನ ಸೆಂಟಿಮೀಟರ್. ಅದರಲ್ಲಿ 300 ಗ್ರಾಂ ಚಿನ್ನದ ಬದಲು ಅಷ್ಟೇ ತೂಕದ ಬೆಳ್ಳಿ ಇದ್ದರೆ 64.8. ವ್ಯತ್ಯಾಸ 13. ಇಪ್ಪತ್ತು ಸೆಂಟಿಮೀಟರ್ ಅಗಲದ ಪಾತ್ರೆಯಲ್ಲಿ ಅದು ನೀರಿನ ಮಟ್ಟವನ್ನು 0.4 ಮಿಲಿಮೀಟರ್ ಮಾತ್ರ ಏರಿಸುತ್ತದೆ. ಗೆಲಿಲಿಯೋ ತನ್ನ 22ನೆಯ ವಯಸ್ಸಿನಲ್ಲಿ, 1586ರಲ್ಲಿ, ಈ ವಿಧಾನವನ್ನು ಒಪ್ಪದೆ, ನೀರಿನಲ್ಲಿ ಮುಳುಗಿಸಿ ತೂಗುವ ಪುಟ್ಟ ತಕ್ಕಡಿಯ ಬಗ್ಗೆ ಬರೆದ. ಚಾಮರಾಜಪೇಟೆಯ ಅಡುಗೆಮನೆಯಲ್ಲಿ ನಡೆದದ್ದು ಅದರದೇ ಇನ್ನೊಂದು ರೂಪ.

ಇನ್ನೊಂದು ವಿಷಯವನ್ನು ಗಮನಿಸು. ಎರಡು ಸಾಂದ್ರತೆಗಳ ನಡುವಿನ ಅಂತರ ಕಡಿಮೆಯಾದಷ್ಟೂ ಅಳತೆಯ ತಪ್ಪು ಉತ್ತರದಲ್ಲಿ ಹಿಗ್ಗುತ್ತದೆ. 17.7ರ ಚಿನ್ನ ಮತ್ತು 1.1ರ ಅರಗಿನ ವಸ್ತುವಿನಲ್ಲಿ ಗಾತ್ರವನ್ನು ಒಂದು ಘನ ಸೆಂಟಿಮೀಟರ್ ತಪ್ಪಾಗಿ ಓದಿದರೆ ಚಿನ್ನ 1.17 ಗ್ರಾಂ ತಪ್ಪುತ್ತದೆ. ಶುದ್ಧ ಚಿನ್ನ ಮತ್ತು ತಾಮ್ರ ಪಕ್ಕಪಕ್ಕದಲ್ಲಿರುವ ವಸ್ತುವಿನಲ್ಲಿ ಅಷ್ಟೇ ತಪ್ಪು 16.7 ಗ್ರಾಂ ಆಗುತ್ತದೆ. ಬೆಳ್ಳಿ ಮತ್ತು ತಾಮ್ರವಾದರೆ 61 ಗ್ರಾಂ!

ಜ್ಞಾನಭಾರತಿಯ ಭೂವಿಜ್ಞಾನ ವಿದ್ಯಾರ್ಥಿನಿ

ಚಿನ್ನ ಮತ್ತು ಬೆಣಚುಕಲ್ಲು ಕೂಡಿರುವ ತುಂಡುಗಳಿಗೂ ಇದೇ ಲೆಕ್ಕವನ್ನು ಬಳಸುತ್ತಾರೆ. ಬೆಣಚುಕಲ್ಲಿನ ಸಾಂದ್ರತೆ 2.65. ಕಣ್ಣಿಗೆ ಕಾಣುವಷ್ಟು ದಪ್ಪ ಚಿನ್ನವಿರುವ ಸಂಗ್ರಹಾಲಯದ ಮಾದರಿಗೆ ಇದು ಸೊಗಸಾಗಿ ಒಪ್ಪುತ್ತದೆ, ಮಾದರಿಯನ್ನು ಮುಟ್ಟದೆ ಚಿನ್ನದ ಪ್ರಮಾಣ ತಿಳಿಯುತ್ತದೆ. ಆದರೆ ಅದಿರಿಗೆ ಒಪ್ಪುವುದಿಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಯಂತಹ ಕಡೆಗಳ ಅದಿರಿನಲ್ಲಿ ಟನ್ನಿಗೆ ಕೆಲವೇ ಗ್ರಾಂ ಚಿನ್ನ ಎಂದರೆ ಒಂದು ಕಿಲೋ ಕಲ್ಲಿನಲ್ಲಿ ಕೆಲವು ಮಿಲಿಗ್ರಾಂ. 5 ಮಿಲಿಗ್ರಾಂ ಚಿನ್ನವನ್ನು ಸಾಂದ್ರತೆಯಿಂದ ಗುರುತಿಸಬೇಕಾದರೆ 377 ಘನ ಸೆಂಟಿಮೀಟರ್ ಗಾತ್ರವನ್ನು 0.002ಕ್ಕಿಂತ ಸೂಕ್ಷ್ಮವಾಗಿ ಅಳೆಯಬೇಕು. ಅಷ್ಟರ ನೂರಾರು ಪಟ್ಟು ವ್ಯತ್ಯಾಸವನ್ನು ಕಲ್ಲಿನಲ್ಲಿರುವ ಇತರ ಖನಿಜಗಳೇ ತಂದುಬಿಡುತ್ತವೆ.

ಅದರಿಂದಲೇ ನಮ್ಮ ಅಧ್ಯಾಪಕರು ಲಾಲ್‌ಬಾಗಿನ ಬಂಡೆಯ ಮೇಲೆ ನಿಲ್ಲಿಸಿ ಹೇಳಿದ ಪಾಠ ನೆನಪಾಗುತ್ತದೆ. ಆ ಶಿಲೆಯಲ್ಲಿ ಬೆಣಚು, ಎರಡು ಬಗೆಯ ಫೆಲ್ಡ್‌ಸ್ಪಾರ್, ಕಪ್ಪು ಅಭ್ರಕ ಎಲ್ಲವೂ ಇವೆ. ದ್ರವ್ಯರಾಶಿಯೊಂದು, ಗಾತ್ರವೊಂದು, ಹೀಗೆ ಎರಡೇ ಅಳತೆಗಳಿಂದ ಎರಡಕ್ಕಿಂತ ಹೆಚ್ಚು ವಸ್ತುಗಳ ಪ್ರಮಾಣವನ್ನು ಬಿಡಿಸಲಾಗದು. ಗುಂಡಿನ ವಿಷಯದಲ್ಲೂ ಚಿನ್ನ, ಅರಗು, ಇಟ್ಟಿಗೆ ಪುಡಿ ಎಂದು ಮೂರು ವಸ್ತುಗಳಿವೆ. ಅರಗು ಮತ್ತು ಪುಡಿಯನ್ನು ಸೇರಿಸಿ ಒಂದೇ ವಸ್ತುವೆಂದು ತಿಳಿದು, ಅದರ ಸಾಂದ್ರತೆಯನ್ನು ಬೇರೆಯಾಗಿ ಅಳೆದರೆ ಮಾತ್ರ ಲೆಕ್ಕ ಮತ್ತೆ ಎರಡಕ್ಕೆ ಇಳಿಯುತ್ತದೆ.

ಚಾಮರಾಜಪೇಟೆ ಓದುಗಿ

ಎಲ್ಲರ ಮಾತನ್ನೂ ಓದಿ ಅಂಗಡಿಗೆ ಹೋಗುವುದನ್ನು ತಡೆದೆವು. ಇಷ್ಟು ದಿನ ಬರೆಯದೆ ಇದ್ದುದಕ್ಕೆ ಕ್ಷಮಿಸಬೇಕು, ಪ್ರಯೋಗಾಲಯದ ಅನುಮತಿ ಸಿಗುವುದು ತಡವಾಯಿತು.

ಒಡೆದ ಗುಂಡಿನ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಮುರಿದ ಮೈ ಮಂಕಾಗಿಯೇ ಇತ್ತು. ಉಗುರಿನಿಂದ ಕೆರೆದಾಗ ಇಟ್ಟಿಗೆ ಬಣ್ಣದ ಪುಡಿ ಬಂದಿತು. ಉಪ್ಪುನೀರಿನಲ್ಲಿ ಅದು ತೇಲಲೇ ಇಲ್ಲ. ಲೋಟದ ತಳದಲ್ಲಿ ಕರಗದ ಉಪ್ಪು ಉಳಿದಿದ್ದರೂ ಚೂರು ಅದರ ಮೇಲೆಯೇ ಕುಳಿತಿತ್ತು. ಪ್ರಯೋಗಾಲಯದ ತಕ್ಕಡಿಯಲ್ಲಿ ಆ ಚೂರು ಗಾಳಿಯಲ್ಲಿ 0.306 ಗ್ರಾಂ, ಅದು ಸರಿಸಿದ ನೀರು 0.200 ಗ್ರಾಂ. ಅಂದರೆ ಸಾಂದ್ರತೆ 1.53. ಇದನ್ನು ಹಾಕಿದರೆ ಚಿನ್ನ 18.22 ಗ್ರಾಂ, ಅರಗು 6.38 ಗ್ರಾಂ. ನಾನು ಮೊದಲು ನಂಬಿದ್ದ 20.13ಕ್ಕಿಂತ ಎರಡು ಗ್ರಾಂ ಕಡಿಮೆ, ಅಂಗಡಿಯವರು ಹೇಳಿದ್ದಕ್ಕಿಂತ 1.62 ಗ್ರಾಂ ಹೆಚ್ಚು.

ಮಗಳು ಇನ್ನೊಂದು ಕೆಲಸವನ್ನೂ ಮಾಡಿದಳು. ಒಡೆದ ಗುಂಡಿನ ಚಿಪ್ಪಿನ ತುಂಡುಗಳಿಗೆ ಅಂಟಿದ್ದ ಅರಗನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಬಿಡಿಸಿ, ತಗಡನ್ನು ಮಾತ್ರ ತೂಗಿದಳು: 1.03 ಗ್ರಾಂ. ನಮ್ಮ ಲೆಕ್ಕದ ಪ್ರಕಾರ ಒಂದು ಗುಂಡಿಗೆ 18.22 ÷ 18, ಅಂದರೆ 1.01 ಬರಬೇಕು. ಈ ಸಣ್ಣ ವ್ಯತ್ಯಾಸಕ್ಕೆ ಏನಾದರೂ ಅರ್ಥವಿದೆಯೇ?

ನಗರ್ತಪೇಟೆ ಅಕ್ಕಸಾಲಿಗ

ತಾಯಿ, ಕೈಯಲ್ಲಿ ಬಡಿದ ಗುಂಡುಗಳು ಒಂದರಂತೆ ಒಂದಿರುವುದಿಲ್ಲ, ಅದೊಂದು ಕಾರಣ. ಇನ್ನೊಂದು, ಅರಗು ಆರುವಾಗ ಕುಗ್ಗುತ್ತದೆ. ಎಷ್ಟೇ ಒತ್ತಿ ತುಂಬಿದರೂ ತಗಡಿಗೂ ಅರಗಿಗೂ ನಡುವೆ ಎಲ್ಲೋ ಒಂದು ಕಡೆ ಟೊಳ್ಳು ಉಳಿಯುತ್ತದೆ. ಹಳೆಯ ಗುಂಡನ್ನು ಕಿವಿಯ ಹತ್ತಿರ ಅಲುಗಿಸಿದರೆ ಕೆಲವು ಸಲ ಒಳಗೆ ಕಟಕಟ ಎನ್ನುವುದುಂಟು. ತಗಡಿನ ಶುದ್ಧತೆಯನ್ನು ಮಾತ್ರ ಬೇರೆಯಾಗಿ ಕ್ಯಾರೆಟ್ ನೋಡುವ ಎಕ್ಸ್‌ರೇ ಯಂತ್ರದಲ್ಲಿ ಪರೀಕ್ಷಿಸಿಕೊಳ್ಳಿ. ಆ ಯಂತ್ರ ನೋಡುವುದು ಮೇಲ್ಮೈಯ ಕೂದಲೆಳೆಯಷ್ಟನ್ನೂ ಅಲ್ಲ, ಆದ್ದರಿಂದ ಒಡೆದ ತುಂಡನ್ನು ಎರಡೂ ಬದಿಗೆ ತಿರುಗಿಸಿ ನೋಡುವಂತೆ ಹೇಳಿ.

ಜಯನಗರದ ಭೌತಶಾಸ್ತ್ರ ಉಪನ್ಯಾಸಕ

ಟೊಳ್ಳಿನ ಮಾತು ಬಹಳ ಮುಖ್ಯ. ಒಳಗೆ ಗಾಳಿ ಇದ್ದರೆ ನಾವು ಅದನ್ನೂ ಅರಗೆಂದು ತಿಳಿದು ತೂಕ ಕೊಟ್ಟುಬಿಡುತ್ತೇವೆ, ಅಷ್ಟರಮಟ್ಟಿಗೆ ಚಿನ್ನ ಕಡಿಮೆಯಾಗಿ ಕಾಣುತ್ತದೆ. ಎಲ್ಲ ಗುಂಡುಗಳಲ್ಲೂ ತಗಡು 1.03 ಗ್ರಾಂ ಎಂದಾದರೆ ಒಟ್ಟು 18.54, ನಮ್ಮ ಲೆಕ್ಕಕ್ಕಿಂತ 0.32 ಹೆಚ್ಚು. ಅಷ್ಟು ವ್ಯತ್ಯಾಸಕ್ಕೆ ಒಂದೊಂದು ಗುಂಡಿನಲ್ಲೂ ಎರಡು ಮಿಲಿಮೀಟರಿಗೆ ತುಸು ಮೇಲ್ಪಟ್ಟ ಅಂಚಿನ ಘನದಷ್ಟು ಟೊಳ್ಳು ಸಾಕು. ಒಂದೇ ಗುಂಡಿನಿಂದ ಇದನ್ನು ತೀರ್ಮಾನಿಸಲಾಗದು. ಆದರೆ ತಪ್ಪು ಯಾವ ಕಡೆಗೆ ವಾಲುತ್ತದೆಂಬುದು ತಿಳಿಯಿತು: ಭರ್ತಿಯ ಸಾಂದ್ರತೆ 1.53 ಎಂಬುದು ಸರಿಯಿದ್ದರೆ, ಟೊಳ್ಳಿನಿಂದ ಚಿನ್ನ 18.22ಕ್ಕಿಂತ ಹೆಚ್ಚಿರಬಹುದೇ ಹೊರತು ಕಡಿಮೆಯಾಗದು.

ಒಂದು ಸಲಹೆ: 18 ಗುಂಡುಗಳನ್ನೂ ಬಿಡಿಬಿಡಿಯಾಗಿ ತೂಗಿ ಬರೆದಿಟ್ಟುಕೊಳ್ಳಿ.

ಚಾಮರಾಜಪೇಟೆ ಓದುಗಿ

ತೂಗಿದೆವು. ಅತಿ ಹಗುರದ್ದು 1.29 ಗ್ರಾಂ, ಅತಿ ಭಾರದ್ದು 1.44. ಇಷ್ಟು ಅಂತರವಿರುವಾಗ 1.01 ಮತ್ತು 1.03ರ ನಡುವಣ ವ್ಯತ್ಯಾಸವನ್ನು ಹೆಚ್ಚು ಎಳೆಯಬಾರದು ಎಂದು ನಮಗೇ ಅನ್ನಿಸಿತು. ಎಕ್ಸ್‌ರೇ ಯಂತ್ರದಲ್ಲಿ ತಗಡು ಎರಡೂ ಬದಿಗೆ ಶೇಕಡಾ 91ರ ಆಸುಪಾಸು ತೋರಿಸಿತು.

ಈ ಕೆಲಸದ ನಡುವೆ ಅಕ್ಕ ಊರಿನಿಂದ ಬಂದಳು. ಒಂದೊಂದು ಗುಂಡನ್ನೂ ಹಿಡಿದು ತೂಗುತ್ತಾ ಕುಳಿತ ಮೇಲೆ ಮಾರುವ ಮನಸ್ಸು ಇಬ್ಬರಿಗೂ ಹೋಯಿತು. ಒಂಬತ್ತೊಂಬತ್ತು ಗುಂಡು ಹಂಚಿಕೊಂಡು ಇಬ್ಬರೂ ಕರಿಮಣಿಯ ನಡುವೆ ಪೋಣಿಸಿಕೊಳ್ಳುವುದೆಂದು ತೀರ್ಮಾನಿಸಿದೆವು. ಮೊದಲು ತೂಕ ಸಮನಾಗುವಂತೆ ಆರಿಸಿದೆವು: ಎರಡೂ ಪಾಲು 12.30 ಗ್ರಾಂ. ಮಗಳು ಅಷ್ಟಕ್ಕೆ ಒಪ್ಪಲಿಲ್ಲ, ಎರಡನ್ನೂ ನೀರಿನಲ್ಲಿ ಮುಳುಗಿಸಿದಳು. ಒಂದು ಪಾಲು 2.68, ಇನ್ನೊಂದು 2.52. ಅಂದರೆ ತೂಕ ಒಂದೇ ಆದರೂ ಒಂದರಲ್ಲಿ ಚಿನ್ನ 8.98 ಗ್ರಾಂ, ಇನ್ನೊಂದರಲ್ಲಿ 9.24! ಆ ಮೇಲೆ ಎರಡೆರಡು ಗುಂಡುಗಳನ್ನು ಅದಲುಬದಲು ಮಾಡುತ್ತಾ, ಪ್ರತಿ ಸಲವೂ ಗುಳ್ಳೆ ಬಿಡಿಸಿ ಮುಳುಗಿಸುತ್ತಾ ಬಂದೆವು. ಕೊನೆಗೆ ಅಕ್ಕನ ಪಾಲು 12.31 ಗ್ರಾಂ, ಸರಿಸಿದ ನೀರು 2.61, ನನ್ನದು 12.29 ಗ್ರಾಂ, ಸರಿಸಿದ ನೀರು 2.59. ಚಿನ್ನ ಅವಳಿಗೆ 9.10, ನನಗೆ 9.12. ಅಷ್ಟು ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು. ಗುಂಡುಗಳನ್ನು ಹತ್ತಿಬಟ್ಟೆಯ ಮೇಲೆ ಆರಹಾಕಿದ್ದೇವೆ, ತೂತುಗಳಲ್ಲಿನ ನೀರು ಪೂರ್ತಿ ಇಂಗಿದ ಮೇಲೆ ಪೋಣಿಸಲು ಕೊಡುತ್ತೇವೆ.